ಹೆಂಡತಿಯ ಹೆಸರಿನಲ್ಲಿ ಮರಗೆಲಸ

ನಮ್ಮಪ್ಪ ಅರಸೀಕೆರೆಯ ಹೈಸ್ಕೂಲಿನಲ್ಲಿ ಮರಗೆಲಸದ ಮೇಷ್ಟ್ರು. ಆ ಪಾಠ ಹುಡುಗರಿಗೆ ಮಾತ್ರ. ಅದೇ ಹೊತ್ತಿಗೆ ಹುಡುಗಿಯರನ್ನು ಹೊಲಿಗೆ ತರಗತಿಗೆ ಕಳಿಸುತ್ತಿದ್ದರು. ಹೊಲಿಗೆಯಲ್ಲಿ ನಾನು ಶುದ್ಧ ದಡ್ಡಿ. ಕಾಜಾ ಹೊಲಿಯಲು ಹೋಗಿ ನನ್ನ ಲಂಗವನ್ನೇ ಬಟ್ಟೆಗೆ ಸೇರಿಸಿ ಹೊಲಿದುಬಿಟ್ಟಿದ್ದೆ. ಆದರೆ ಬೇಸಗೆ ರಜೆಯಲ್ಲಿ ಅಪ್ಪ ಹಿತ್ತಲ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತರೆ ಪಕ್ಕದಲ್ಲಿ ನಾನಿರುತ್ತಿದ್ದೆ. ಹನ್ನೆರಡಕ್ಕೆ ಗರಗಸವನ್ನು ಗೆರೆ ಬಿಡದೆ ಎಳೆಯುವುದು ಬಂತು, ಹದಿನಾಲ್ಕಕ್ಕೆ ಉಳಿ ಮಸೆಯುವುದು. ಮದುವೆಯ ಹೊತ್ತಿಗೆ ಒಂದು ಮೊಳೆಯನ್ನೂ ಹೊಡೆಯದೆ ಕುರ್ಚಿ ಕೂಡಿಸುತ್ತಿದ್ದೆ. ಗಂಡಿನ ಕಡೆಯವರು ನೋಡಲು ಬಂದಾಗ ಅಮ್ಮ, ಹುಡುಗಿಗೆ ಹಾಡು ಬರುತ್ತೆ, ರಂಗೋಲಿ ಬರುತ್ತೆ ಅಂದರು. ಇದನ್ನು ಹೇಳಲಿಲ್ಲ.

ಗಂಡ ಬ್ಯಾಂಕಿನಲ್ಲಿ ಅಧಿಕಾರಿ. ಮದುವೆಯಾಗಿ ವರ್ಷ ತುಂಬುವ ಮೊದಲೇ ಅವರಿಗೆ ವಡೋದರಾಕ್ಕೆ, ಮಕರಪುರದ ಶಾಖೆಗೆ ವರ್ಗವಾಯಿತು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬ್ಯಾಂಕು ಹಿಡಿದುಕೊಟ್ಟ ಬಾಡಿಗೆ ಮನೆ, ನೆಲಮಹಡಿ, ಮುಂದೊಂದು ಹಾಲು, ಹಿಂದೊಂದು ಖಾಲಿ ಕೋಣೆ. ಅವರು ಬೆಳಿಗ್ಗೆ ಒಂಬತ್ತೂವರೆಗೆ ಸ್ಕೂಟರ್ ಹತ್ತಿದರೆ ಮರಳುವುದು ಸಂಜೆ ಆರೂವರೆಗೆ. ನನಗೆ ಗುಜರಾತಿ ಬಾರದು, ಹಿಂದಿ ಪರೀಕ್ಷೆ ಪಾಸಾಗುವಷ್ಟು ಮಾತ್ರ. ಮೊದಲ ಮೂರು ತಿಂಗಳು ತರಕಾರಿಯವಳನ್ನು ಬಿಟ್ಟರೆ ಯಾರ ಹತ್ತಿರವೂ ಮಾತಾಡಿದ ನೆನಪಿಲ್ಲ.

ಮಕರಪುರದ ಕಾರ್ಖಾನೆಗಳಿಗೆ ಹೊರದೇಶದಿಂದ ಯಂತ್ರಗಳು ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಬಿಚ್ಚಿದ ಮೇಲೆ ಆ ಹಲಗೆಗಳು ಗುಜರಿ ಪಾಲು. ಒಂದು ದಿನ ರಸ್ತೆ ಬದಿಯಲ್ಲಿ ಅವನ್ನು ಕಂಡು ಗಂಡನ ಹತ್ತಿರ, "ರೀ, ಅದನ್ನ ಒಂದಷ್ಟು ತರಿಸಿಕೊಡಿ" ಅಂದೆ. ಸೌದೆಗೆ ಅಂದುಕೊಂಡು ನಕ್ಕರು. ಆದರೂ ಕೈಗಾಡಿಯಲ್ಲಿ ಹೇರಿಸಿ ತಂದರು. ಅಪ್ಪನಿಗೆ ಕಾಗದ ಬರೆದೆ. ಅಪ್ಪ ತಮ್ಮ ಹಳೆಯ ಉಳಿಗಳನ್ನು, ಗರಗಸವನ್ನು, ಮರ ನುಣ್ಣಗೆ ಹೆರೆಯುವ ಹತ್ತರಿಯನ್ನು ಗೋಣಿಯಲ್ಲಿ ಹೊಲಿದು ರೈಲ್ವೆ ಪಾರ್ಸೆಲ್ಲಿನಲ್ಲಿ ಕಳಿಸಿದರು.

ಮೊದಲು ಮಾಡಿದ್ದು ಒಂದು ಪುಸ್ತಕದ ಕಪಾಟು. ಹಾಲಿನಲ್ಲಿ ನಿಲ್ಲಿಸಿದ ದಿನ ಗಂಡ ಅದರ ಸುತ್ತ ಎರಡು ಸಲ ಸುತ್ತು ಹಾಕಿದರು. ಕೈಯಿಂದ ತಟ್ಟಿ ನೋಡಿದರು. "ನಿಜವಾಗ್ಲೂ ನೀನೇ ಮಾಡಿದ್ದಾ ಇದನ್ನ?" ಅಂದರು. ಅವರ ಮುಖದಲ್ಲಿದ್ದ ಸಂತೋಷ ಸುಳ್ಳಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನು ಓದಿದವರು ಅವರನ್ನು ಕೆಟ್ಟವರೆಂದುಕೊಳ್ಳಬಹುದು.

ಒಂದು ಭಾನುವಾರ ಅವರ ಶಾಖೆಯ ಸಹೋದ್ಯೋಗಿಯೊಬ್ಬರು ಹೆಂಡತಿಯ ಜೊತೆ ಚಹಾಕ್ಕೆ ಬಂದರು. ನಾನು ಅಡುಗೆಮನೆಯಲ್ಲಿದ್ದೆ. ಹಾಲಿನಿಂದ ಆ ಗುಜರಾತಿ ಮನುಷ್ಯನ ದನಿ ಕೇಳಿತು. "ಎಂಥ ಕಪಾಟು! ಎಲ್ಲಿ ಮಾಡಿಸಿದಿರಿ?"

"ಎಲ್ಲೂ ಇಲ್ಲ, ಮನೆಯಲ್ಲೇ ಮಾಡಿದ್ದು."

"ಅಂದರೆ ನೀವೇ?"

ಆಮೇಲೆ ನನ್ನ ಗಂಡ, "ಹೂಂ, ಸುಮ್ನೆ ಟೈಂಪಾಸು" ಅಂದರು.

ನಾನು ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಗಂಡ ನನ್ನತ್ತ ನೋಡಿದರು. ಇಂಗು ತಿಂದ ಮಂಗನ ಹಾಗಿತ್ತು ಅವರ ಮುಖ. ನಾನು ಆಗಲೇ ನಕ್ಕು ನಿಜ ಹೇಳಬಹುದಿತ್ತು; ಅವರೂ ನಗುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ಬಂದವರೆದುರು ಗಂಡನ ಮಾತನ್ನು ಸುಳ್ಳು ಮಾಡುವುದು ಹೇಗೆ ಅನ್ನಿಸಿತು. ಕಪ್ಪುಗಳನ್ನು ಇಟ್ಟು ಬಿಸ್ಕತ್ತಿನ ತಟ್ಟೆ ಮುಂದಕ್ಕೆ ಸರಿಸಿದೆ. ಹೋಗುವಾಗ ಆ ದಂಪತಿ ಅಂಥದೇ ಒಂದು ಕಪಾಟು ಬೇಕೆಂದರು. ದುಡ್ಡು ತೆಗೆದುಕೊಳ್ಳಲೇಬೇಕೆಂದೂ ಹೇಳಿದರು.

ಅವರು ಹೋದ ಮೇಲೆ ಗಂಡ ತಲೆ ಕೆರೆದುಕೊಳ್ಳುತ್ತ, "ಬಾಯಿಗೆ ಬಂದುಬಿಡ್ತು ಕಣೇ. ಹೆಂಡತಿ ಮರ ಕುಯ್ತಾಳೆ ಅಂದ್ರೆ ಆಫೀಸಲ್ಲಿ ಆಡಿಕೊಳ್ತಾರೆ. ಮುಂದಿನ ಸಲ ಹೇಳ್ತೀನಿ" ಅಂದರು. ಆಗಲಿ ಅಂದೆ. ನಿಜ ಹೇಳಬೇಕೆಂದರೆ ನನ್ನ ಮನಸ್ಸು ಆಗಲೇ ಆ ಎರಡನೆಯ ಕಪಾಟಿನಲ್ಲಿತ್ತು. ಇನ್ನೊಬ್ಬರ ಮನೆಗೆ ಹೋಗುವ ವಸ್ತು. ಅದಕ್ಕೆ ಪೆಟ್ಟಿಗೆಯ ಮರ ಸಾಲದು, ಸಾಗುವಾನಿಯೇ ಬೇಕು ಅಂತ ಲೆಕ್ಕ ಹಾಕುತ್ತಿದ್ದೆ.

ಮುಂದಿನ ಸಲ ಬರಲಿಲ್ಲ. ಕಪಾಟು ನೋಡಿದವರು ಟೀಪಾಯಿ ಕೇಳಿದರು, ಟೀಪಾಯಿ ನೋಡಿದವರು ಕುರ್ಚಿ ಕೇಳಿದರು. ಒಂದೊಂದು ಸಾಮಾನು ಮನೆಯಿಂದ ಹೋದಾಗಲೂ ಆ ಸುಳ್ಳಿಗೆ ಇನ್ನೊಂದು ಮನೆ ಸಿಗುತ್ತಿತ್ತು. ಅಷ್ಟೂ ಮನೆಗೆ ಹೋಗಿ ತಿದ್ದಿ ಬರುವುದು ಯಾರಿಂದ ಸಾಧ್ಯ?

ಹಿಂದಿನ ಕೋಣೆಯ ಕಿಟಕಿ ಪಕ್ಕದ ಓಣಿಗೆ ತೆರೆಯುತ್ತಿತ್ತು. ಹಾದುಹೋಗುವವರಿಗೆ ಕಾಣಬಾರದೆಂದು ಅದನ್ನು ಮುಚ್ಚಿಕೊಂಡು ಕೆಲಸ ಮಾಡಲು ಶುರುಮಾಡಿದೆ. ಫ್ಯಾನ್ ಹಾಕಿದರೆ ಮರದ ಪುಡಿ ಕಣ್ಣಿಗೆ. ವಡೋದರಾದ ಮೇ ತಿಂಗಳು ಹೇಗಿರುತ್ತದೆಂದು ಅಲ್ಲಿದ್ದವರಿಗೇ ಗೊತ್ತು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬಳೆ ತೆಗೆದಿಟ್ಟು, ಕೆಂಪು ಪುಡಿಯೆಲ್ಲ ಬೆವರಿಗೆ ಮೆತ್ತಿಕೊಂಡು ಹತ್ತರಿ ಹೊಡೆಯುತ್ತಿದ್ದೆ. ಕರೆಗಂಟೆ ಬಾರಿಸಿದರೆ ಮೊದಲು ಬಳೆ ತೊಟ್ಟು, ಮುಖ ತೊಳೆದು, ಕೋಣೆಯ ಬಾಗಿಲಿಗೆ ಚಿಲಕ ಹಾಕಿ, ಆಮೇಲೆ ಹೊರಬಾಗಿಲು ತೆಗೆಯಬೇಕು. ಅಂಚೆಯವನು ಎಷ್ಟೋ ಸಲ ಕಾದು ಕಾದು ಹೋಗಿಬಿಟ್ಟಿದ್ದ. ನನ್ನ ಮನೆಯಲ್ಲಿ ನಾನೇ ಕಳ್ಳಿ. ಬೇಡ ಅಂದರೆ ಕೆಲಸ ಬಿಡಬೇಕು. ಬಾಯಿಬಿಟ್ಟರೆ ಕೆಲಸವೇ ನಿಂತುಹೋಗಬಹುದು. ಸುಮ್ಮನಿದ್ದರೆ ಮಾತ್ರ ಮರ ಕೈಗೆ ಸಿಗುತ್ತದೆ. ಹಾಗಾಗಿ ಸುಮ್ಮನಿದ್ದೆ.

ಮೊದಲು ಕಂಡುಹಿಡಿದವರು ಮೇಲಿನ ಮನೆಯ ಮುದುಕಿ. ಆಕೆಯನ್ನು ಎಲ್ಲರೂ ಬಾ ಅನ್ನುತ್ತಿದ್ದರು. ಅಲ್ಲಿ ತಾಯಿಯನ್ನು, ವಯಸ್ಸಾದವರನ್ನು ಕರೆಯುವುದೇ ಹಾಗೆ. ಒಂದು ಮಧ್ಯಾಹ್ನ ಢೋಕ್ಲಾದ ಬಟ್ಟಲು ಹಿಡಿದು ಬಂದರು. ಕೂತವರು ಬಟ್ಟಲನ್ನು ನನ್ನ ಕೈಗೆ ಕೊಡುವ ನೆಪದಲ್ಲಿ ಅಂಗೈ ತಿರುಗಿಸಿ ನೋಡಿದರು. ಬೆರಳ ಬುಡಗಳಲ್ಲಿ ಗಟ್ಟಿಯಾದ ಗಂಟುಗಳು.

"ನಿನ್ನ ಗಂಡನ ಸ್ಕೂಟರ್ ಒಂಬತ್ತೂವರೆಗೆ ಹೋಗುತ್ತೆ," ಅಂದರು ಹಿಂದಿಯಲ್ಲಿ, ನನಗೆ ಅರ್ಥವಾಗಲೆಂದು ನಿಧಾನವಾಗಿ. "ಗರಗಸದ ಸದ್ದು ಹತ್ತಕ್ಕೆ ಶುರುವಾಗುತ್ತೆ. ಎರಡು ವರ್ಷದಿಂದ ಕೇಳ್ತಿದ್ದೀನಿ. ನನಗೆ ಮಂಡಿ ನೋವು ಮಗಳೇ, ಕಿವಿ ಚೆನ್ನಾಗಿದೆ."

ನನಗೆ ಅಳು ಬಂತು. ಆಕೆ ಎದ್ದು ಹಿಂದಿನ ಕೋಣೆಗೆ ಹೋಗಿ, ಅರ್ಧ ಮುಗಿದಿದ್ದ ಕುರ್ಚಿಯಲ್ಲಿ ಕೂತರು. ಅತ್ತಿತ್ತ ಸರಿದು ನೋಡಿದರು. "ಯಾರಿಗೂ ಹೇಳಲ್ಲ. ಆದರೆ ನನ್ನ ಹತ್ತಿರ ಮುಚ್ಚಿಡಬೇಡ" ಅಂದರು. ಅಂದಿನಿಂದ ವಾರಕ್ಕೆರಡು ಮಧ್ಯಾಹ್ನ ಆಕೆ ಬಂದು ಆ ಬೇಯುವ ಕೋಣೆಯಲ್ಲಿ ಕೂತು ಬೀಸಣಿಗೆಯಿಂದ ನನಗೆ ಗಾಳಿ ಹಾಕುತ್ತಿದ್ದರು.

ಅಷ್ಟರಲ್ಲಿ ಬ್ಯಾಂಕಿನಲ್ಲಿ ಮಾತೆದ್ದಿತು. ಅಧಿಕಾರಿಗಳು ಸ್ವಂತ ವ್ಯಾಪಾರ ಮಾಡುವಂತಿಲ್ಲ. ಮ್ಯಾನೇಜರು ಗಂಡನನ್ನು ಕರೆದು, "ನಿಮ್ಮ ಹವ್ಯಾಸ ನನಗೂ ಇಷ್ಟವೇ. ಆದರೆ ನಾಳೆ ಯಾರಾದರೂ ದೂರು ಬರೆದರೆ? ಮರಗೆಲಸ ಮಾಡುವವಳು, ಮಾರುವವಳು ನನ್ನ ಹೆಂಡತಿ ಅಂತ ಒಂದು ಕಾಗದ ಬರೆದುಕೊಡಿ, ಫೈಲಿನಲ್ಲಿ ಇಡೋಣ" ಅಂದರಂತೆ. ಗಂಡ ಬರೆದರು. ನನ್ನ ಸಹಿಗೆಂದು ಮನೆಗೆ ತಂದಾಗ ನಾನು ಓದಿದೆ: ಈ ಪೀಠೋಪಕರಣಗಳನ್ನು ತಯಾರಿಸುತ್ತಿರುವವರು ನನ್ನ ಪತ್ನಿ, ಇದರಲ್ಲಿ ನನ್ನ ಪಾತ್ರವೇನೂ ಇಲ್ಲ. ನಾನೂ ಕೆಳಗೆ ಸಹಿ ಹಾಕಿದೆ. ಅಕ್ಷರ ಅಕ್ಷರವೂ ಸತ್ಯ. ಶಾಖೆಯಲ್ಲಿ ಅದನ್ನು ಓದಿದ ಪ್ರತಿಯೊಬ್ಬರೂ ನನ್ನ ಗಂಡನತ್ತ ಕಣ್ಣು ಮಿಟುಕಿಸಿ ನಕ್ಕರಂತೆ. ಇದನ್ನು ಅವರು ನನಗೆ ನಗುತ್ತಲೇ ಹೇಳಿದರು. ನಾನು ನಗಲಿಲ್ಲ.

ಆ ಚಳಿಗಾಲದಲ್ಲಿ ಅಹಮದಾಬಾದಿನ ದೊಡ್ಡ ಕಚೇರಿಯಿಂದ ಹಿರಿಯ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಮ್ಯಾನೇಜರ ಮನೆಯಲ್ಲಿ ನನ್ನ ಕೈಯ ಕುರ್ಚಿಗಳನ್ನು ಕಂಡು ಅವರಿಗೊಂದು ಆಸೆ ಹುಟ್ಟಿತು. ಗುಜರಾತಿನ ಮನೆಗಳಲ್ಲಿ ಹಾಲಿನ ನಡುವೆ ಸರಪಳಿಯಿಂದ ತೂಗುಬಿಟ್ಟ ದೊಡ್ಡ ತೂಗುಮಣೆ ಇರುತ್ತದೆ. ಮನೆಯವರ ಚಹಾ, ಮಾತು, ಮಧ್ಯಾಹ್ನದ ನಿದ್ದೆ ಎಲ್ಲ ಅದರ ಮೇಲೇ. ಅವರ ಹಳೆಯ ತೂಗುಮಣೆಗೆ ಗೆದ್ದಲು ಹಿಡಿದಿತ್ತು. ಹೊಸದು, ಒರಗುಬೆನ್ನು, ಕೈಯೊರಗು ಎಲ್ಲ ಇರುವಂಥದ್ದು ಬೇಕಿತ್ತು. ಗಂಡ ಒಪ್ಪಿಕೊಂಡು ಬಂದರು.

"ಅಷ್ಟು ದೊಡ್ಡದು ನನ್ನಿಂದಾಗಲ್ಲ ರೀ. ಆ ಕೋಣೆಯಲ್ಲಿ ಹಲಗೆ ತಿರುಗಿಸೋಕೂ ಜಾಗ ಇಲ್ಲ."

"ನಾನು ಮಾತು ಕೊಟ್ಟುಬಿಟ್ಟಿದ್ದೀನಿ. ಅವರು ಯಾರು ಅಂತ ಗೊತ್ತಲ್ಲ? ನನ್ನ ಮುಂದಿನ ವರ್ಗಾವಣೆ ಅವರ ಕೈಯಲ್ಲಿದೆ."

ಅಹಮದಾಬಾದಿಗೆ ಹೋಗಿ ಸೂರಿನ ಕೊಂಡಿಗಳ ನಡುವಿನ ಅಳತೆಯನ್ನೂ ಗಂಡನೇ ತಂದರು. ಫೆಬ್ರವರಿಯಲ್ಲಿ ಶುರುವಾದದ್ದು ಮೇ ಕೊನೆಗೆ ಮುಗಿಯಿತು. ಅಷ್ಟು ಭಾರದ ಸಾಗುವಾನಿಯನ್ನು ಒಬ್ಬಳೇ ಹೊರಳಿಸಿ ಹೊರಳಿಸಿ ಸೊಂಟ ಹಿಡಿದುಕೊಂಡಿತು. ಒರಗುಬೆನ್ನಿಗೆ ಒಂದು ಸಾಲು ಬಿಲ್ವಪತ್ರೆ ಕೆತ್ತಿದೆ. ಅದನ್ನು ಯಾರೂ ಕೇಳಿರಲಿಲ್ಲ, ನನ್ನ ಖುಷಿಗೆ ಕೆತ್ತಿದ್ದು.

ಅರಗಿನ ಪಾಲಿಶ್ ಒಣಗುತ್ತಿದ್ದ ಸಂಜೆ ಗಂಡ ಕೋಣೆಗೆ ಬಂದರು. ಮನೆಯಲ್ಲಿ ನಾವಿಬ್ಬರೇ. ಒರಗುಬೆನ್ನಿನ ಮೇಲೆ ಬೆರಳಾಡಿಸಿ, ಕಣ್ಣು ಕಿರಿದು ಮಾಡಿ ನೋಡಿ, ತಮ್ಮಷ್ಟಕ್ಕೆ ತಾವೇ ಅಂದರು: "ಈ ಎಲೆಗಳನ್ನ ನಾನು ಸ್ವಲ್ಪ ಸಣ್ಣಗೆ ಕೆತ್ತಬೇಕಿತ್ತು."

ನಾನು ಬ್ರಷ್ ಹಿಡಿದು ನಿಂತಿದ್ದೆ. ಹೇಳಿದ್ದು ಏನೆಂದು ಅವರಿಗೆ ತಿಳಿಯಲೇ ಇಲ್ಲ. "ಊಟಕ್ಕೇನು ಮಾಡಿದೀಯ?" ಅಂತ ಕೇಳಿ ಕೈಕಾಲು ತೊಳೆಯಲು ಹೋದರು. ಹೊರಗಿನವರೆದುರು ಹೇಳುವ ಸುಳ್ಳನ್ನು ನಾನು ಸಹಿಸಿಕೊಂಡಿದ್ದೆ. ಅದು ನಮ್ಮಿಬ್ಬರಿಗೂ ಗೊತ್ತಿದ್ದ ಸುಳ್ಳು. ಈಗ ಅದು ಗೊತ್ತಿರುವವಳು ನಾನೊಬ್ಬಳೇ ಎಂದಾಯಿತು. ಆ ಕೋಣೆಯ ಕಿಟಕಿ ತೆರೆಯಬೇಕೆನ್ನಿಸಿ ಹೋದೆ. ವರ್ಷಗಳಿಂದ ಮುಚ್ಚಿದ್ದ ಚಿಲಕ ಬಣ್ಣಕ್ಕೆ ಅಂಟಿಕೊಂಡಿತ್ತು, ಬರಲಿಲ್ಲ.

ತೂಗುಮಣೆಯನ್ನು ಟೆಂಪೋದಲ್ಲಿ ಕಳಿಸಿ, ನಾವು ರೈಲಿನಲ್ಲಿ ಅಹಮದಾಬಾದಿಗೆ ಹೋದೆವು. ಹಿರಿಯ ಅಧಿಕಾರಿಯ ಮನೆಯಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ನಾಲ್ಕು ಜನ ಎತ್ತಿ ಹಿತ್ತಾಳೆಯ ಸರಪಳಿಗೆ ಸಿಕ್ಕಿಸಿದಾಗಲೇ ತಪ್ಪು ಕಂಡದ್ದು. ಗಂಡ ತಂದಿದ್ದ ಅಳತೆ ಎರಡಿಂಚು ಹೆಚ್ಚು. ಸರಪಳಿ ನೇರ ಇಳಿಯದೆ ಕೈಯೊರಗಿಗೆ ಒತ್ತಿಕೊಂಡು ಕಿರ್ ಎನ್ನುತ್ತಿತ್ತು. ಕೈಯೊರಗಿನ ತುದಿಯಲ್ಲಿ ಸರಪಳಿ ಕೂರುವಷ್ಟು ಕಚ್ಚು ಕೊರೆಯದೆ ವಿಧಿಯಿರಲಿಲ್ಲ. ಏನಾದರೂ ಬೇಕಾದೀತೆಂದು ನಾನು ಚೀಲದಲ್ಲಿ ಎರಡು ಉಳಿ, ಅವಕ್ಕೆ ಹೊಡೆಯುವ ಮರದ ಕೊಡತಿ, ಒಂದು ಅಂಟಿನ ಡಬ್ಬಿ ಹಾಕಿಕೊಂಡಿದ್ದೆ. ಅವನ್ನು ಹೊರಗೆ ತೆಗೆದೆ. ಎಲ್ಲರೂ ನನ್ನ ಗಂಡನತ್ತ ನೋಡಿದರು.

ಅವರು ಉಳಿ ಹಿಡಿದುಕೊಂಡರು, ಹಿಂದುಮುಂದಾಗಿ. ಹಾಗೆ ಹೊಡೆದರೆ ಮರ ಸೀಳಿಕೊಂಡು ಹೋಗುತ್ತದೆ. ಅಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಾನು ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದೆ: "ಉಳಿ ತಿರುಗಿಸಿಕೊಳ್ಳಿ. ಓರೆ ಮಾಡಿರೋ ಕಡೆ ಒಳಕ್ಕೆ ಬರಲಿ. ಮೊದಲು ಅಡ್ಡಕ್ಕೆ ಎರಡು ಏಟು. ಜೋರಾಗಲ್ಲ, ಮೆಲ್ಲಗೆ."

ಅವರು ತಿರುಗಿಸಿಕೊಂಡರು. ಯಾರೋ ನಕ್ಕು, "ನೋಡಿ, ಹೆಂಡತಿ ಇಲ್ಲೂ ಬೈಯುವುದು ಬಿಡಲಿಲ್ಲ!" ಅಂದರು. ಎಲ್ಲರೂ ನಕ್ಕರು. ಗಂಡನೂ ನಕ್ಕರು, ಅವರ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಮೂರನೆಯ ಏಟಿಗೆ ಉಳಿ ಜಾರಿತು. ಪಾಲಿಶ್ ಮಾಡಿದ ಕೈಯೊರಗಿನಿಂದ ಬೆರಳುದ್ದದ ಸಿಬಿರು ಎದ್ದಿತು.

ನನ್ನ ಕೈ ತಾನಾಗಿ ಹೋಗಿ ಅವರ ಕೈ ಮೇಲೆ ಕೂತಿತು. "ಕೊಡಿ ಇಲ್ಲಿ" ಅಂದೆ. ಕೊಟ್ಟರು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿದೆ. ಎಷ್ಟು ಹೊತ್ತಾಯಿತೋ ತಿಳಿಯದು. ಎರಡೂ ಕಡೆ ಕಚ್ಚು ಕೊರೆದು, ಅಂಚು ಕೆರೆದು ನಯ ಮಾಡಿ, ಎದ್ದ ಸಿಬಿರಿಗೆ ಒಂದಿಷ್ಟು ಅಂಟು ಹಾಕಿ ಒತ್ತಿ ಹಿಡಿದೆ. ಸರಪಳಿ ತನ್ನ ಜಾಗದಲ್ಲಿ ಕೂತಿತು. ಎದ್ದು ನಿಂತಾಗ ಮನಸ್ಸು ಹಗುರಾಗಿತ್ತು. ಆಯಿತು, ಎಲ್ಲರೂ ಕಣ್ಣಾರೆ ನೋಡಿದರು, ಇನ್ನು ಹೇಳುವುದೇ ಬೇಡ ಅಂದುಕೊಂಡೆ.

ಹಿರಿಯ ಅಧಿಕಾರಿ ಚಪ್ಪಾಳೆ ತಟ್ಟಿದರು. "ವಾಹ್! ಹೆಂಡತಿಗೂ ಕಲಿಸಿಬಿಟ್ಟಿದ್ದೀರಲ್ಲ! ಎಂಥ ಗುರು!" ಉಳಿದವರೂ ತಟ್ಟಿದರು. ನಾನು ಗಂಡನ ಮುಖ ನೋಡಿದೆ. ಅವರ ಬಾಯಿ ತೆರೆಯಿತು. "ಥ್ಯಾಂಕ್ಯೂ ಸರ್" ಅಂದರು.

ವಾಪಸು ರೈಲು ನಡಿಯಾದ್ ನಿಲ್ದಾಣ ದಾಟಿತು. ಆಮೇಲೆ ಅವರೇ ಅಂದರು, "ಹೇಳಬೇಕು ಅಂತಲೇ ಬಾಯಿ ತೆಗೆದೆ ಕಣೇ. ಬರಲಿಲ್ಲ."

"ಗೊತ್ತು. ನೋಡಿದೆ."

"ಈಗೇನು ಮಾಡೋಣ?"

"ನೀವೇನಾದರೂ ಮಾಡಿ. ನಾನಂತೂ ಇನ್ನು ಮಾಡಲ್ಲ."

ಮಾಡಲಿಲ್ಲ. ಒಪ್ಪಿಕೊಂಡಿದ್ದ ಮೂರು ಮನೆಯವರಿಗೆ ಗಂಡ ತಮಗೆ ಬೆನ್ನುನೋವು ಎಂದು ಹೇಳಿದರು. ಬೆನ್ನುನೋವಿಗೆ ಎಣ್ಣೆ, ಮುಲಾಮು, ವೈದ್ಯರ ವಿಳಾಸ ಎಲ್ಲ ಮನೆಗೆ ಬಂದವು. ಎಣ್ಣೆಯನ್ನು ನಾನು ನನ್ನ ಸೊಂಟಕ್ಕೆ ಹಚ್ಚಿಕೊಂಡೆ. ಕೆಲಸವಿಲ್ಲದ ಆ ದಿನಗಳು ಕೆಲಸದ ದಿನಗಳಿಗಿಂತ ಕಷ್ಟವಾದವು. ಗೆದ್ದೆನೆಂದುಕೊಂಡು ಉಪವಾಸ ಕೂತವಳ ಹಾಗಿದ್ದೆ. ಮೇಲಿನ ಬಾ ಬಂದು, "ಸದ್ದಿಲ್ಲದೆ ನನಗೆ ಮಧ್ಯಾಹ್ನ ನಿದ್ದೆಯೇ ಬರಲ್ಲ" ಅಂತ ಗೊಣಗಿದರು.

ಒಂದು ಭಾನುವಾರ ಗಂಡ ಹಿಂಜರಿಯುತ್ತ, "ನನಗೆ ಕಲಿಸ್ತೀಯಾ?" ಅಂದರು. ಕಲಿತುಬಿಟ್ಟರೆ ಹೇಳಿದ್ದೆಲ್ಲ ನಿಜವಾದೀತು ಎಂಬುದು ಅವರ ಲೆಕ್ಕವಿದ್ದಿರಬೇಕು. ಐದಾರು ಭಾನುವಾರ ಕಲಿಸಿದೆ. ಮನಸ್ಸಿಟ್ಟೇ ಕಲಿಸಿದೆ. ಅವರ ಗರಗಸ ಗೆರೆ ಬಿಟ್ಟು ಎಡಕ್ಕೇ ಹೋಗುತ್ತಿತ್ತು. ಕೊನೆಗೊಂದು ದಿನ ಅವರು ಹಲಗೆಯನ್ನು ಗೋಡೆಗೆ ಒರಗಿಸಿ, "ನನ್ನ ಕೈಗೆ ಹತ್ತಲ್ಲ ಇದು" ಅಂದರು. ನನಗೆ ಸಂತೋಷವಾಯಿತು. ಹಾಗಾಯಿತೆಂದು ನಾಚಿಕೆಯೂ ಆಯಿತು.

ಮರುವರ್ಷ ಸೂರತ್ತಿಗೆ ವರ್ಗ. ಶಾಖೆಯ ಬೀಳ್ಕೊಡುಗೆಯಲ್ಲಿ ಮ್ಯಾನೇಜರು ನನ್ನ ಗಂಡನ ಕೈಗುಣವನ್ನು ಬಹಳ ಹೊಗಳಿದರು. ಆಮೇಲೆ ನನ್ನನ್ನು ವೇದಿಕೆಗೆ ಕರೆದು, ಇಷ್ಟು ವರ್ಷ ಮನೆತುಂಬ ಮರದ ಪುಡಿ ಸಹಿಸಿಕೊಂಡದ್ದಕ್ಕೆ ಎಂದು ಹೇಳಿ ಒಂದು ಸೀರೆ ಕೊಟ್ಟರು. ಹಸಿರು ಬಾಂಧಣಿ ಸೀರೆ. ಚೆನ್ನಾಗಿಯೇ ಇತ್ತು. ಕೈಮುಗಿದು ತೆಗೆದುಕೊಂಡೆ.

ಸೂರತ್ತಿನಲ್ಲಿ ನಮ್ಮ ಮನೆ ಉಧ್ನಾದಲ್ಲಿ. ಸುತ್ತ ಮಗ್ಗಗಳು, ಬೆಳಗಿನಿಂದ ಕಟಕಟ ನಿಲ್ಲದ ಸದ್ದು. ಪಕ್ಕದ ಕೋಣೆಯಿಂದ ಕೂಗಿದರೂ ಕೇಳಿಸದು. ಗರಗಸ ಎಳೆದರೆ ಯಾರಿಗೆ ತಿಳಿಯಬೇಕು? ಆದರೂ ಉಪಕರಣದ ಟ್ರಂಕು ಮಂಚದಡಿಯಲ್ಲೇ ಇತ್ತು. ಗಂಡ ಆಗಾಗ ಅದನ್ನು ನೋಡುತ್ತಿದ್ದರು. ಅಹಮದಾಬಾದಿನಿಂದ ಆ ಹಿರಿಯ ಅಧಿಕಾರಿಯ ಫೋನು ಬಂದರೆ ಮೊದಲ ಮಾತು, "ಈಗ ಏನು ಮಾಡುತ್ತಿದ್ದೀರಿ, ಮಂಚವೋ ಮೇಜೋ?"

ಉಧ್ನಾ ಸ್ಟೇಷನ್ನಿನ ಹತ್ತಿರ ಉಡುಪಿ ಕಡೆಯವರೊಬ್ಬರ ಹೋಟೆಲ್ ಇತ್ತು. ಕನ್ನಡ ಕೇಳುವ ಆಸೆಗೆ ಭಾನುವಾರ ಅಲ್ಲಿಗೆ ಹೋಗುತ್ತಿದ್ದೆವು. ಬೆಂಚುಗಳೆಲ್ಲ ಅಲ್ಲಾಡುತ್ತಿದ್ದವು. ಒಂದು ಸಲ ಬೆಂಚು ಓಲಾಡಿ ಗಂಡನ ಸಾಂಬಾರು ಅಂಗಿಯ ಮೇಲೆ ಚೆಲ್ಲಿತು. ಮಾಲೀಕರು ಬಟ್ಟೆ ಹಿಡಿದು ಓಡಿಬಂದರು. "ಇಲ್ಲಿಯ ಬಡಗಿಗಳಿಗೆ ಹೇಳಿ ಹೇಳಿ ಸಾಕಾಯ್ತು ಮಾರಾಯ್ರೇ."

ಅಂಗಿ ಒರೆಸಿಕೊಳ್ಳುತ್ತಲೇ ಗಂಡ ಹೇಳಿದರು. "ನನ್ನ ಹೆಂಡ್ತಿ ಮಾಡಿಕೊಡ್ತಾಳೆ, ಬೇಕಾದ್ರೆ. ಅವಳು ಮರಗೆಲಸ ಮಾಡ್ತಾಳೆ."

ನನ್ನ ಕೈಯ ದೋಸೆ ಕೈಯಲ್ಲೇ ಉಳಿಯಿತು. ಅಲ್ಲಿ ಯಾಕೆ ಹೇಳಿದರು, ಅದು ಅಷ್ಟು ಸುಲಭವಾಗಿ ಹೇಗೆ ಬಂತು ಎಂದು ನಾನು ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ಮಾಲೀಕರು ನನ್ನತ್ತ ತಿರುಗಿದರು.

"ಹೌದಾ ಅಮ್ಮಾ? ನೀವೇ ಮಾಡುವುದಾ?"

"ಹೂಂ. ನಾನೇ."

"ಎಂಟು ಬೆಂಚು ಬೇಕು. ಕಾಲು ಅಲ್ಲಾಡ್ಲಿಕ್ಕಿಲ್ಲ ಮತ್ತೆ. ಅಲ್ಲಾಡಿದರೆ ನಿಮ್ಮನ್ನೇ ಕರೆಯುವುದು ನಾನು, ಇವರನ್ನಲ್ಲ."

ಎರಡು ತಿಂಗಳಲ್ಲಿ ಎಂಟು ಬೆಂಚು ಹೋದವು. ಮೂರನೆಯ ದಿನವೇ ಹೇಳಿಕಳಿಸಿದರು: ಒಂದು ಅಲ್ಲಾಡುತ್ತಿದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹತ್ತರಿ, ಮಟ್ಟಗೋಲು ಚೀಲಕ್ಕೆ ಹಾಕಿ ಒಬ್ಬಳೇ ಹೋದೆ. ಗಿರಾಕಿಗಳು ತಿನ್ನುತ್ತ ಕೂತಿದ್ದರು. ಮಾಲೀಕರು ಎಲ್ಲರೆದುರೇ ದನಿಯೇರಿಸಿದರು. "ಏನಮ್ಮ ಇದು? ಮೊದಲೇ ನೋಡಿಕೊಳ್ಳಬೇಕಲ್ಲ ನೀವು!"

ನಾನು ಕೂತು ನಾಲ್ಕೂ ಕಾಲು ಅಳೆದೆ. ಮಟ್ಟಗೋಲನ್ನು ನೆಲದ ಮೇಲಿಟ್ಟೆ. "ಕಾಲು ಸರಿಯಾಗಿದೆ. ನಿಮ್ಮ ನೆಲವೇ ಇಲ್ಲಿ ತಗ್ಗಿದೆ, ಬನ್ನಿ, ನೀವೇ ನೋಡಿ" ಅಂದೆ. ನನ್ನ ದನಿಯೂ ಏರಿತ್ತು. ಅವರು ಬಗ್ಗಿ ನೋಡಿದರು, ಇನ್ನೊಂದು ಕಡೆಯಿಂದಲೂ ನೋಡಿದರು, ಒಪ್ಪಲಿಲ್ಲ. ಐದು ನಿಮಿಷ ಜಗಳವಾಡಿದೆವು. ಕೊನೆಗೆ ನಾನು ಬೆಂಚು ಮಗುಚಿ, ಮೂರು ಕಾಲುಗಳ ಬುಡವನ್ನು ಅವರ ನೆಲಕ್ಕೆ ಹೊಂದುವಷ್ಟು ಹೆರೆದೆ. ಹೆರೆದ ಸುರುಳಿಗಳು ಮೇಜಿನಡಿ ಗಿರಾಕಿಗಳ ಚಪ್ಪಲಿಯ ಸುತ್ತ ಬಿದ್ದವು. ಬೆಂಚು ನೆಟ್ಟಗೆ ಮಾಡಿ ಅಲ್ಲಾಡಿಸಿ ತೋರಿಸಿದೆ, ಕದಲಲಿಲ್ಲ.

"ಈಗ ನೀವೇ ಕೂತುಕೊಳ್ಳಿ, ನೋಡುವ" ಅಂದರು ಮಾಲೀಕರು. ಕೂತೆ. ಅವರು ಒಳಗೆ ಕೂಗಿ ಒಂದು ಕಾಫಿ ಹೇಳಿದರು.